ಹಣೆಗೆ ಗುರುತು ಬೀಳದ ಕಿರೀಟ

ನೆತ್ತಿಯ ಮೇಲೆ ದೈತ್ಯರಾಜನ ಕಿರೀಟ, ಸೊಂಟಕ್ಕೆ ಚೌಕಳಿ ಲುಂಗಿ, ಕೈಯಲ್ಲಿ ಕಸಬರಿಗೆ. ಮಸ್ಕಿಯ ಗುಡ್ಡದ ಹಿಂದೆ ಬೆಳಕು ಮೂಡುವ ಹೊತ್ತಿಗೆ ಕಲಾ ಪ್ರೌಢಶಾಲೆಯ ಅಂಗಳದಲ್ಲಿ ಜಂಗ್ಲಿಸಾಬ್ ಬೇವಿನ ಎಲೆ ಗುಡಿಸುತ್ತಿದ್ದಾರೆ. ಅವರು ಬಗ್ಗಿದರೆ ಕಿರೀಟ ಬಗ್ಗುತ್ತದೆ, ಎದ್ದರೆ ಏಳುತ್ತದೆ. ಅದರಲ್ಲಿ ಕೂರಿಸಿದ ಕನ್ನಡಿ ಚೂರುಗಳು ಎಳೆಬಿಸಿಲನ್ನು ಹಿಡಿದು ಗೋಡೆಯ ತುಂಬ ಚೆಲ್ಲುತ್ತವೆ. ಒಂದು ಕೋಣೆಯಿಂದ ಹಾರ್ಮೋನಿಯಂ, ಇನ್ನೊಂದರಿಂದ ಗೆಜ್ಜೆ. ನಲ್ಲಿಯ ಹತ್ತಿರ ಹಲ್ಲುಜ್ಜುವ ಹುಡುಗರು ಬ್ರಷ್ ಬಾಯಲ್ಲಿಟ್ಟುಕೊಂಡೇ ಕೈಮುಗಿಯುತ್ತಾರೆ.

"ಶರಣ್ರೀ ಮಹಾರಾಜ್ರ. ಇವತ್ತ ಯಾವ ರಾಜ್ಯ ಗೆದ್ದು ಬಂದ್ರಿ?"

"ನಿಮ್ಮ ಕಕ್ಕಸ ತೊಳದು ಬಂದೀನಿ. ಮತ್ತ ಹೊಲಸ ಮಾಡೀರಿ ಅಂದ್ರ ಗಡೀಪಾರು."

ಜಂಗ್ಲಿಸಾಬ್ ಇಲ್ಲಿಯ ಜವಾನ. ಗಂಟೆ ಬಾರಿಸುವವರು, ನೀರು ತುಂಬುವವರು, ಜೊತೆಗೆ ವೇಷಭೂಷಣದ ಕೋಣೆ ಕಾಯುವವರು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಮಕ್ಕಳು ಇಲ್ಲೇ ಉಳಿದು ಕಲಿಯುತ್ತಾರೆ. ಮುಂಜಾನೆ ಗಣಿತ, ವಿಜ್ಞಾನ. ಮಧ್ಯಾಹ್ನದ ಮೇಲೆ ಸಂಗೀತ, ತಬಲಾ ಮತ್ತು ದೊಡ್ಡಾಟ. ಹಾಡು, ಕುಣಿತ, ಗತ್ತಿನ ಮಾತು ಮೂರೂ ಕೂಡಿದ ಆ ಆಟಕ್ಕೆ ಬೇಕಾದ ಕಿರೀಟ, ಭುಜಕೀರ್ತಿ ಎಲ್ಲವೂ ಜಂಗ್ಲಿಸಾಬರ ಕೈಯವೇ. ಹಗುರ ಕಟ್ಟಿಗೆ ಕೊರೆದು, ಬೇಗಡೆ ಅಂಟಿಸಿ, ಒಳಗೆ ತಲೆಗೆ ಒತ್ತದಂತೆ ಬಟ್ಟೆ ಸುತ್ತಿದ ಸಿಂಬಿ ಕೂರಿಸುತ್ತಾರೆ. ಆಮೇಲೆ, ಬೇರೆಲ್ಲೂ ಕಾಣದ ಒಂದು ಕೆಲಸ ಮಾಡುತ್ತಾರೆ: ಹೊಸ ಕಿರೀಟವನ್ನು ತಾವೇ ತೊಟ್ಟು ದಿನಗಟ್ಟಲೆ ಓಡಾಡಿ ಪಳಗಿಸುತ್ತಾರೆ.

"ಹೊಸಾ ಚಪ್ಪಲಿ ಕಾಲು ಕಚ್ಚತಾವಲ್ರೀ, ಕಿರೀಟಾನೂ ಹಂಗ. ಮಕ್ಕಳ ಹಣಿ ಎಳೀದು. ಮೊದಲ ನನ್ನ ಕಚ್ಚಿ ಕಚ್ಚಿ ಅದಕ್ಕ ಸಾಕಾಗಲಿ, ಆಮ್ಯಾಲ ಅವುಕ್ಕ ಕೊಡೂಣು ಅಂತ."

ಸಿಂಬಿ ಒತ್ತಿ ಒತ್ತಿ ಮೆತ್ತಗಾದ ಮೇಲೆ ಅವರ ಹೆಂಡತಿ ಖಾಸಿಂಬೀ ಅದಕ್ಕೆ ಒಗೆದ ಹಳೇ ಸೀರೆಯ ಹೊದಿಕೆ ಹೊಲಿಯುತ್ತಾರೆ. "ನಮ್ಮನಿಯವ್ರ ತಲಿ ಒಂಬತ್ತನೇ ಕ್ಲಾಸಿನ ಹುಡುಗುರ ತಲಿಯಷ್ಟ ಐತ್ರೀ. ಅಲ್ಲಾ ಇದಕ್ಕಂತನ ಮಾಡ್ಯಾನ. ಬ್ಯಾರೆ ಕೆಲಸಕ್ಕ ಆ ತಲಿ ಸಾಲಂಗಿಲ್ಲ" ಎಂದು ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಾರೆ. ಜಂಗ್ಲಿಸಾಬರಿಗೆ ಇದು ಕೇಳಿ ಕೇಳಿ ರೂಢಿಯಾದ ಮಾತು. ಕಿರೀಟದ ಕೆಳಗೆ ನಗುತ್ತಾರೆ.

ಜಂಗ್ಲಿಸಾಬರ ತಂದೆ ಮೊಹರಮ್ಮಿನ ಮೆರವಣಿಗೆಗೆ ಬಣ್ಣದ ಕಾಗದದ ಡೋಲಿ ಕಟ್ಟುತ್ತಿದ್ದವರು. ಬೇಗಡೆ ಕತ್ತರಿಸುವ ಕೈ ಬಂದದ್ದು ಅಲ್ಲಿಂದ. ಆದರೆ ಭಾರದ ಪಾಠ ಕಲಿತದ್ದು ಲಿಂಗಸುಗೂರಿನ ಬಜಾರದಲ್ಲಿ, ಹಮಾಲಿ ಮಾಡುತ್ತಿದ್ದ ದಿನಗಳಲ್ಲಿ. ತಲೆಯ ಮೇಲೆ ಜೋಳದ ಚೀಲ, ಅದರ ಕೆಳಗೆ ಸಿಂಬಿ. ಸಿಂಬಿ ಸರಿ ಕೂತ ದಿನ ಚೀಲ ತಾನಾಗಿ ನಡೆಯುತ್ತಿತ್ತು, ಕೂರದ ದಿನ ದಾರಿ ಮುಗಿಯುತ್ತಿರಲಿಲ್ಲ. ಆ ದಿನಗಳ ಕುತ್ತಿಗೆ ನೋವು ಇನ್ನೂ ಬಿಟ್ಟಿಲ್ಲ. ಅದಕ್ಕೇ ಇರಬೇಕು, ಆಟ ಮುಗಿಸಿ ಬಂದ ಪ್ರತಿ ಮಗುವಿನ ಮುಖವನ್ನು ಬೆಳಕಿಗೆ ತಿರುಗಿಸಿ, ಹಣೆಗೆ ಗುರುತು ಬಿದ್ದಿದೆಯೇ ಎಂದು ನೋಡುತ್ತಾರೆ. "ಮಂದಿ ಆಟ ನೋಡ್ತಾರ್ರೀ. ನಾ ಹಣಿ ನೋಡ್ತೀನಿ."

ಈಗ ಅವರ ನೆತ್ತಿಯ ಮೇಲಿರುವ ಕಿರೀಟಕ್ಕೆ ಒಂದು ಕಥೆಯಿದೆ. ಅವರು ಮಾಡಿದವುಗಳಲ್ಲೆಲ್ಲ ಇದೇ ಚೆಂದದ್ದು. ಹೋದ ವರ್ಷ ಇದು ಸಿದ್ಧವಾದಾಗ ನೋಡಿದವರೆಲ್ಲ ಬೆರಗಾದರು. ಮಾಡಿದವರಿಗೂ ಇದನ್ನು ತೊಟ್ಟು ಬೆವರು ತಾಗಿಸಲು ಮನಸ್ಸಾಗಲಿಲ್ಲ. ಆಟದ ದಿನದವರೆಗೆ ಗಾಜಿನ ಕಪಾಟಿನಲ್ಲಿ ಹೊಳೆಯುತ್ತ ಕೂತಿತು.

ಆಟ ಜವಳಗೇರಾದಲ್ಲಿ. ದೈತ್ಯರಾಜನ ವೇಷ ಸಂತೆಕಲ್ಲೂರಿನ ಶಿವಕುಮಾರಿಯದು. ಮೊದಲ ಹೆಜ್ಜೆಗೇ ಸಭೆ ಸ್ತಬ್ಧವಾಯಿತು. ಆದರೆ ಗಿರಕಿ ಹೊಡೆಯುವಾಗ, ಪಳಗದ ಸಿಂಬಿ ಹಣೆಯ ಮೇಲಿಂದ ಜಾರಿ ಕಿರೀಟ ಕಣ್ಣ ಮೇಲೆ ಬಿತ್ತು. ಕಣ್ಣು ಕಾಣದ ರಾಜ ತಾಳದವರ ಮೇಲೆ ಹೋಗಿ ಬಿದ್ದ. ಜನ ನಕ್ಕರು. ಹುಡುಗಿ ಮರುದಿನವೇ ದೊಡ್ಡಾಟ ಬಿಟ್ಟು ಸಂಗೀತದ ತರಗತಿಗೆ ಸೇರಿಕೊಂಡಳು. ಈ ವರ್ಷ ಲಿಂಗಸುಗೂರಿನ ಆಟಕ್ಕೆ, ದೊಡ್ಡಾಟ ಕಲಿಸುವ ದೊಡ್ಡಬಸಪ್ಪ ಮಾಸ್ತರು ಎಷ್ಟು ಕರೆದರೂ ಅವಳದು ಒಂದೇ ಮಾತು: "ಕಿರೀಟ ಇಲ್ಲದ ಪಾತ್ರ ಯಾವದರ ಇದ್ರ ಕೊಡ್ರೀ ಸರ್."

ಈ ಮಾತು ಜಂಗ್ಲಿಸಾಬರ ಕಿವಿಗೂ ಬಿತ್ತು. ಕಪಾಟು ತೆಗೆದು ಕಿರೀಟ ತೊಟ್ಟರು. ಅಂದಿನಿಂದ ಅದು ಗಂಟೆ ಬಾರಿಸಿದೆ, ಬೋರಿಂಗ್ ಹೊಡೆದು ನೀರು ತುಂಬಿದೆ, ಸೈಕಲ್ ಏರಿ ಮಸ್ಕಿಯ ಸಂತೆಗೆ ಹೋಗಿ ಉಳ್ಳಾಗಡ್ಡಿ ತಂದಿದೆ.

ಇವತ್ತು ಕೊಡ ತುಂಬಲು ಬಂದ ಶಿವಕುಮಾರಿ ಅವರ ಹತ್ತಿರ ನಿಲ್ಲುತ್ತಾಳೆ.

"ಬೀಳಂಗಿಲ್ಲೇನ್ರೀ ಚಾಚಾ?"

"ಸೈಕಲ್ಲಿಂದ ನಾ ಬಿದ್ದೀನಿ ಬೇಟಿ. ಇದು ಬಿದ್ದಿಲ್ಲ."

"ಕಸ ಹೊಡದ್ರ ಬೀಳಂಗಿಲ್ಲ ಬಿಡ್ರಿ. ಕುಣದ್ರ?"

ಜಂಗ್ಲಿಸಾಬ್ ಕಸಬರಿಗೆಯನ್ನು ಬೇವಿಗೆ ಒರಗಿಸುತ್ತಾರೆ. ಲುಂಗಿ ಎತ್ತಿ ಕಟ್ಟುತ್ತಾರೆ. ಒಮ್ಮೆಯೂ ರಂಗ ಏರದ ಆ ಮನುಷ್ಯ ವರ್ಷಗಟ್ಟಲೆ ಪರದೆಯ ಮಗ್ಗುಲಲ್ಲಿ ನಿಂತು ನೋಡಿದ ಹೆಜ್ಜೆಯನ್ನು ಅಂಗಳದ ಮಣ್ಣಿನಲ್ಲಿ ಹಾಕುತ್ತಾರೆ. ಕಾಲು ತಪ್ಪಿ ತಡವಾಗಿ ಬೀಳುತ್ತದೆ. ಹುಡುಗರು ಮೊದಲು ನಗುತ್ತಾರೆ. ಗಿರಕಿ ಶುರುವಾಗುತ್ತಲೇ ನಗು ನಿಲ್ಲುತ್ತದೆ. ಯಾರೋ ಕೊಡದ ಮೇಲೆ ತಾಳ ಹಿಡಿಯುತ್ತಾರೆ, ಹಾರ್ಮೋನಿಯಂ ಕಿಟಕಿಯಿಂದ ಜೊತೆಗೂಡುತ್ತದೆ. ಅವರು ತಿರುಗುತ್ತಾರೆ, ಕನ್ನಡಿಗಳ ಬೆಳಕು ಗೋಡೆ, ಗಿಡ, ಮಕ್ಕಳ ಮುಖಗಳ ಮೇಲೆ ಹಾಯ್ದು ಹೋಗುತ್ತದೆ. ಕುತ್ತಿಗೆ ಹಿಡಿದುಕೊಂಡು ಅವರು ನಿಂತಾಗ, ಕಿರೀಟ ಇಟ್ಟಲ್ಲೇ ಇದೆ.

ಏದುಸಿರು ಬಿಡುತ್ತ ತಲೆ ಬಗ್ಗಿಸುತ್ತಾರೆ. ಶಿವಕುಮಾರಿ ಎರಡೂ ಕೈಯಿಂದ ಕಿರೀಟ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಾಳೆ.

"ಹೆಜ್ಜಿ ತಪ್ಪಿದ್ರಿ ಚಾಚಾ. ಮೂರನೇದು ಎಡಗಾಲು."

"ಹಂಗಾರ ನೀನ ಹಾಕಬೇ. ನನಗ ಗಂಟಿ ಹೊಡಿಯೂದೈತಿ."

ವಾರದ ಮೇಲೆ ಲಿಂಗಸುಗೂರಿನ ಶಾಮಿಯಾನ, ಹಗಲಾಟ. ಸಭೆಯ ಕಣ್ಣೆಲ್ಲ ರಂಗದ ಮೇಲೆ. ಜಂಗ್ಲಿಸಾಬ್ ಮಾತ್ರ ಪರದೆಯ ಮಗ್ಗುಲಲ್ಲಿ ಸೂಜಿ, ದಾರ ಹಿಡಿದು ನಿಂತಿದ್ದಾರೆ. ಅಲ್ಲಿಂದ ಕಾಣುವುದು ದೈತ್ಯರಾಜನ ಬೆನ್ನು ಅಷ್ಟೆ. ಗಿರಕಿಯ ಹೊತ್ತಿಗೆ ಅವರು ಕಣ್ಣು ಮುಚ್ಚುತ್ತಾರೆ. ತಾಳ ಏರುತ್ತದೆ, ಗೆಜ್ಜೆ ಏರುತ್ತದೆ. ಎಲ್ಲೂ ಮುಗ್ಗರಿಸದೆ, ಎಲ್ಲೂ ತಡೆಯದೆ, ಕೊನೆಯ ಹೆಜ್ಜೆ ಹಲಗೆಯ ಮೇಲೆ ದಪ್ಪೆಂದು ಬೀಳುತ್ತದೆ. ಆಮೇಲೆ ಚಪ್ಪಾಳೆ.

ಒಮ್ಮೆ ಎದುರಿಗೆ ಕೂತು ನೋಡುವ ಆಸೆ ಇಲ್ಲವೇ ಎಂದು ಯಾರಾದರೂ ಕೇಳಿದರೆ ಅವರು ಬೇಡವೆಂದು ತಲೆಯಾಡಿಸುತ್ತಾರೆ. "ಎದುರಿಗೆ ಕುಂತ್ರ ದಾರ ಹರಿದ್ರ ಯಾರ್ರೀ ಹೊಲಿಯೋರು?"

ಬೆವರು ಸುರಿಯುತ್ತ ಬಂದ ಶಿವಕುಮಾರಿ ಅವರ ಮುಂದೆ ಮಂಡಿಯೂರುತ್ತಾಳೆ. ಹೊರಗೆ ಜನ ಅವಳ ಹೆಸರು ಕೂಗುತ್ತಿದ್ದಾರೆ. ಅವಳು ಹೋಗುವುದಿಲ್ಲ; ಮೊದಲು ಇದು ಆಗಬೇಕು. ಜಂಗ್ಲಿಸಾಬ್ ದಾರ ಬಿಚ್ಚಿ ಕಿರೀಟ ಇಳಿಸುತ್ತಾರೆ, ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಾರೆ, ಲುಂಗಿಯ ತುದಿಯಿಂದ ಹಣೆಯ ಬಣ್ಣವನ್ನು ನಿಧಾನವಾಗಿ ಒರೆಸುತ್ತಾರೆ.

"ಏನೂ ಇಲ್ಲ ಬೇಟಿ" ಎನ್ನುತ್ತಾರೆ. "ಹೋಗು, ಕರಿಯಾಕತ್ತಾರ."