ಹೆಸರಿಲ್ಲದ ಏಳು ಸಾಲು

ಮಾಸ್ತರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಕೀಲಿಮಣೆಯ ಮೇಲೆ ಉಳಿದ ಬೆರಳುಗಳು ಓಡುತ್ತಿದ್ದರೆ ಅದೊಂದು ಮೇಲೆಯೇ ನಿಂತಿರುತ್ತಿತ್ತು. ಮಕ್ತಲ್‌ನಲ್ಲಿ ಅವರದು ಚಿಕ್ಕ ಕಂಪ್ಯೂಟರ್ ಅಂಗಡಿ. ಗದ್ವಾಲ, ನಾರಾಯಣಪೇಟೆಯವರು ಗುಜರಿಗೆ ಹಾಕಿದ ಯಂತ್ರಗಳನ್ನು ತಂದು, ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಅವುಗಳ ಮೇಲೆಯೇ ನಮಗೆ ಟೈಪಿಂಗ್ ಕಲಿಸುತ್ತಿದ್ದರು. "ಸತ್ತೈತಿ ಅನ್ನೂಕಿಂತ ಮೊದ್ಲು ಒಮ್ಮೆ ಬಿಚ್ಚಿ ನೋಡ್ರಿ" ಅನ್ನುವುದು ಅವರ ಮಾತು.

ಪ್ರತ್ಯೇಕ ರಾಜ್ಯಕ್ಕಾಗಿ ಬಂದ್ ನಡೆಯುತ್ತಿದ್ದ ದಿನಗಳಲ್ಲೇ ಕೃಷ್ಣೆ ಉಕ್ಕಿ ಬಂತು. ನದಿಯಂಚಿನ ಊರವರನ್ನು ಶಾಲೆಗೆ ತಂದಿಳಿಸಿದರು. ತಹಸೀಲ್ ಕಚೇರಿಯ ಟೈಪಿಂಗ್ ಕೆಲಸವೆಲ್ಲ ಮಾಸ್ತರ ಅಂಗಡಿಗೇ ಬರುತ್ತಿದ್ದುದರಿಂದ, ಊರಲ್ಲಿ ಇನ್ನೂ ಉಳಿದವರ ಪಟ್ಟಿಯನ್ನು ಶಾಲೆಯಲ್ಲಿ ಕೂತು ಟೈಪ್ ಮಾಡುವ ಕೆಲಸ ನನಗೆ ಬಿತ್ತು; ದೋಣಿ ಹೋಗುವುದೇ ಆ ಪಟ್ಟಿ ನೋಡಿ. ಕುರುಬರ ಹೆಂಗಸರು ಬಂದು, "ನಮ್ಮ ಮನಿಯವ್ರು ಕುರಿ ಬಿಟ್ಟು ಬರಂಗಿಲ್ಲಂತ ದಿಬ್ಬದ ಮ್ಯಾಲೆ ಕುಂತಾರ್ರೀ" ಎಂದರು. ಗಂಡನ ಹೆಸರು ಕೇಳಿದರೆ ಬಾಯಿಗೆ ಸೆರಗು ಹಿಡಿದರು. ಆಮೇಲೆ ಯಾರನ್ನಾದರೂ ಕೇಳಿದರಾಯಿತೆಂದು ಅವರು ಕುಳಿತ ಜಾಗವಷ್ಟೇ ಬರೆದು ಹೆಸರು ಖಾಲಿ ಬಿಟ್ಟೆ. ಬಿಟ್ಟವಳು ಮರೆತೇಬಿಟ್ಟೆ. ನನ್ನ ಬುದ್ಧಿಗೆ ಬೆಂಕಿ ಹಾಕ.

ಮಧ್ಯಾಹ್ನ ಕಂಪ್ಯೂಟರ್ ನಿಂತೇಹೋಯಿತು. ಪಟ್ಟಿಯೆಲ್ಲ ಅದರೊಳಗೆ. ಮಾಸ್ತರಿಗೆ ಹೇಳಿಕಳಿಸಿದೆ. ಮಾಸ್ತರು ಬಂದ್ ಎನ್ನದೆ ಸೈಕಲ್ ತುಳಿದು ಬಂದು, ಚೀಲದಿಂದ ಸೀಡಿ ತೆಗೆದು, ಅದರಿಂದಲೇ ಲಿನಕ್ಸ್ ಚಾಲೂ ಮಾಡಿ, ಕೆಟ್ಟ ಡಿಸ್ಕಿನೊಳಗಿನ ಪಟ್ಟಿಯನ್ನು ಈಚೆಗೆ ತಂದರು. ಹೆಸರು ಕೂಗಿ ನೋಡಿದೆ; ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ದಾಟಿ ಬಂದಿದ್ದರು. "ಎಲ್ಲಾರೂ ಬಂದಾರ್ರೀ" ಎಂದು ವರಾಂಡದಲ್ಲಿದ್ದ ತಹಸೀಲ್ದಾರ ಸಾಹೇಬರಿಗೆ ಹೇಳಿಬಿಟ್ಟೆ. ಅವರು ದೋಣಿಯನ್ನು ದಡಕ್ಕೆ ಕಟ್ಟಿಸಲು ಫೋನ್ ಕೈಗೆತ್ತಿಕೊಂಡರು.

ಮಾಸ್ತರು ಕುರ್ಚಿ ಬಿಟ್ಟು ಏಳಲಿಲ್ಲ. ಹೆಸರು ಖಾಲಿ ಇರುವ ಸಾಲುಗಳನ್ನಷ್ಟೇ ತೋರಿಸೆಂದು ಒಂದು ಆಜ್ಞೆ ಹೊಡೆದರು. ಪರದೆಯ ಮೇಲೆ ಏಳು ಸಾಲು ಬಂದವು.

"ಇವ್ರು ಯಾರು ತಂಗಿ?"

"ಹೆಂಗಸ್ರು ಗಂಡನ ಹೆಸ್ರು ಹೇಳಲಿಲ್ರೀ ಸರ್…"

"ಹೆಸ್ರು ಆಮ್ಯಾಲೆ. ಜಾಗ ಬರದೀಯಲ್ಲ, ಅಷ್ಟು ಸಾಕು. ಓಡು, ದೋಣಿ ಕಟ್ಟಬ್ಯಾಡ್ರಿ ಅನ್ನು."

ಓಡಿದೆ. ದೋಣಿ ಹೋಯಿತು. ಅದು ತಿರುಗಿ ಬರುವವರೆಗೆ ಆ ಏಳು ಹೆಂಗಸರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಶಾಲೆಯ ನಲ್ಲಿಯ ಹತ್ತಿರ ಹೋಗಿ ನಿಂತೆ. ಹೊತ್ತು ಮುಳುಗುವ ಮೊದಲು ಏಳೂ ಜನ ಬಂದರು. ಕುರಿಗಳು ಹೋಗಿದ್ದವು. ದಿಬ್ಬದ ಮೇಲೆ ಎದೆಮಟ ನೀರಿತ್ತಂತೆ.

ಸಾಹೇಬರು ಎಲ್ಲರೆದುರು ಕೂಗಾಡಿದರು: "ಈ ಪಟ್ಟಿ ಮಾಡಿದೋರ್ಯಾರು?" ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರು, "ನಾನ್ರೀ, ತಪ್ಪಾತು" ಎಂದರು. ಅಲ್ಲಿಂದ ಮುಂದೆ ಕಚೇರಿಯ ಟೈಪಿಂಗ್ ಕೆಲಸ ಅವರ ಅಂಗಡಿಗೆ ಬರಲೇ ಇಲ್ಲ. ಒಂದು ದಿನವೂ ಅವರು ನನ್ನೆದುರು ಆ ಮಾತೆತ್ತಲಿಲ್ಲ. ಅದೇ ಕಚೇರಿಯಲ್ಲಿ ನನಗೆ ನೌಕರಿ ಸಿಕ್ಕಿತು. ಅದು ಹೋದೀತೆಂಬ ಹೆದರಿಕೆಗೆ ನಾನೂ ಬಾಯಿ ಬಿಡಲಿಲ್ಲ.

ಹೋದ ವರ್ಷ ಮಾಸ್ತರು ತೀರಿಕೊಂಡರು. ಮಣ್ಣಿಗೆ ಬಂದವರಲ್ಲೊಬ್ಬರು, "ಭಾಳ ಶಾಣ್ಯಾ ಮನಷ್ಯಾ, ಹೊಳಿ ಬಂದಾಗ ಅದೊಂದು ತಪ್ಪು ಮಾಡಿಬಿಟ್ಟ" ಎಂದರು. ಆಗಲೂ ನಾನು ಸುಮ್ಮನೆ ನಿಂತೆ. ಆ ಸಾಲುಗಳನ್ನು ಖಾಲಿ ಬಿಟ್ಟವಳು ನಾನು.