ಏಳು ಒಂದುಗಳು

ಅಕ್ಕನಿಗೆ ಲೆಕ್ಕದ ಹುಚ್ಚು. ಎಂಟನೆಯ ತರಗತಿ ಮುಗಿದ ವರ್ಷವೇ ಅವಳನ್ನು ನಿಟ್ಟೂರಿನ ಕಡೆ ಮದುವೆ ಮಾಡಿಕೊಟ್ಟರು. ನಾನು ಸಾಗರದಲ್ಲಿ ಹೈಸ್ಕೂಲಿಗೆ ಸೇರಿದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವಳ ಕಾಗದದಲ್ಲಿ ಮನೆಯ ಸುದ್ದಿ ಎರಡು ಸಾಲು, ಉಳಿದದ್ದೆಲ್ಲ ಅಂಕಿ.

ಒಮ್ಮೆ ಬರೆದಳು: ಬರೀ ಒಂದನ್ನೇ ಸಾಲಾಗಿ ಬರೆದು ಭಾಗಿಸಿ ನೋಡುತ್ತಿದ್ದೇನೆ. ಮೂರು ಒಂದು ಬರೆದರೆ ಮೂವತ್ತೇಳರಿಂದ ಹೋಗುತ್ತದೆ, ಐದು ಬರೆದರೆ ನಲವತ್ತೊಂದರಿಂದ, ಆರು ಬರೆದರೆ ಏಳರಿಂದ. ಏಳು ಒಂದು ಬರೆದರೆ ಮಾತ್ರ ಏನೂ ಸಿಗುತ್ತಿಲ್ಲ, ನಿಮ್ಮ ಮೇಷ್ಟ್ರನ್ನು ಕೇಳು.

ನಾನು ಕೇಳಲಿಲ್ಲ. ಹತ್ತು ಹನ್ನೆರಡು ಸಲ ಭಾಗಿಸಿ ಬೇಸರವಾಯಿತು. ಅದು ಅವಿಭಾಜ್ಯ ಸಂಖ್ಯೆಯಂತೆ, ಒಂದು ಮತ್ತು ಅದೇ ಸಂಖ್ಯೆ ಬಿಟ್ಟರೆ ಯಾವುದರಿಂದಲೂ ಭಾಗವಾಗುವುದಿಲ್ಲವಂತೆ, ಮೇಷ್ಟ್ರು ಹೇಳಿದರು ಎಂದು ಬರೆದು ಹಾಕಿದೆ. ಅಕ್ಕ ಮತ್ತೆ ಆ ಮಾತು ಎತ್ತಲಿಲ್ಲ.

ನಾನು ತೀರ್ಥಹಳ್ಳಿಯಲ್ಲಿ ಗಣಿತ ಕಲಿಸಲು ಸೇರಿದ ಎರಡನೆಯ ವರ್ಷ ಅಕ್ಕ ತೀರಿಕೊಂಡಳು. ಎದೆಯ ಕಾಯಿಲೆ, ತಿಂಗಳುಗಟ್ಟಲೆ ಮಲಗಿದ್ದಳು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಭಾವ ಒಂದು ನೋಟ್‌ಬುಕ್ ತಂದು ನನ್ನ ಕೈಗಿಟ್ಟರು. ನಿನಗೆ ಕೊಡಬೇಕು ಅಂತಿದ್ಲು, ಸರಿ ಇದೆಯಾ ನೋಡು ಎಂದರು.

ಎರಡು, ಮೂರು, ಐದು, ಏಳು. ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಅಕ್ಕ ಆ ಏಳು ಒಂದುಗಳನ್ನು ಭಾಗಿಸುತ್ತ ಹೋಗಿದ್ದಳು. ಸಾವಿರದ ಐವತ್ತೊಂದರವರೆಗೆ ನೋಡಿದರೆ ಸಾಕೆಂಬುದನ್ನೂ ತಾನೇ ಕಂಡುಕೊಂಡಿದ್ದಳು. ಒಟ್ಟು ನೂರ ಎಪ್ಪತ್ತೇಳು ಭಾಗಾಕಾರ. ಕೊನೆಯ ಪುಟದಲ್ಲಿ, 'ನಿಮ್ಮ ಮೇಷ್ಟ್ರು ಹೇಳಿದ್ದೇ ಸರಿ' ಎಂದಿತ್ತು.

ನಾನು ಆ ಸಾಲನ್ನಷ್ಟೇ ನೋಡಿ, ಸರಿ ಇದೆ ಎಂದುಬಿಟ್ಟೆ.

ಆಮೇಲೆ ಆ ನೋಟ್‌ಬುಕ್ ನನ್ನನ್ನು ಬಿಡಲಿಲ್ಲ. ಬೋರ್ಡಿನ ಮೇಲೆ ಒಂದು ಬರೆಯುವಾಗ ಪಕ್ಕದಲ್ಲಿ ಇನ್ನಾರು ಕಾದು ನಿಂತಂತೆ ಕೈ ತಡೆಯುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಮೊದಲಿನಿಂದ ಪರೀಕ್ಷಿಸಲು ಕೂತೆ. ೨೩೯ರಿಂದ ಭಾಗಿಸಿದ ಪುಟದಲ್ಲಿ ಅಕ್ಕ ೧೧೭೧ರಿಂದ ೯೫೬ ಕಳೆದು ೨೦೫ ಎಂದು ಬರೆದಿದ್ದಳು. ೨೧೫ ಬರಬೇಕು. ತಿದ್ದಿಕೊಂಡು ಮುಂದುವರಿಸಿದೆ. ೨೧೫೧, ಒಂಬತ್ತು ಸಲ, ಶೇಷ ಸೊನ್ನೆ. ೨೩೯ ಗುಣಿಸು ೪೬೪೯. ಅವಳಿಗೆ ಬೇಕಾಗಿದ್ದು ಅಲ್ಲೇ ಇತ್ತು. ನನ್ನ ಸುಳ್ಳನ್ನು ನಂಬಿರದಿದ್ದರೆ ಆ ಪುಟವನ್ನು ಇನ್ನೊಮ್ಮೆ ನೋಡುತ್ತಿದ್ದಳೋ ಏನೋ.

ಮುಂದಿನ ವಾರ ನಿಟ್ಟೂರಿಗೆ ಹೋಗಿ ಭಾವನಿಗೆ ಎಲ್ಲ ಹೇಳಿದೆ, ಮೇಷ್ಟ್ರನ್ನು ಕೇಳಿಯೇ ಇರಲಿಲ್ಲ ಎಂಬುದನ್ನೂ. ಅವರು ಆ ಪುಟ ತೋರಿಸು ಎಂದರು. ತೋರಿಸಿದೆ.

"ಹಂಗಾದ್ರೆ ಇದ್ರ ಮುಂದಿಂದು ಯಾವ್ದೂ ಮಾಡೋದು ಬೇಕಿರ್ಲಿಲ್ವಾ?"

"ಬೇಕಿರ್ಲಿಲ್ಲ ಭಾವ."

ಅವರು ಒಂದೊಂದೇ ಹಾಳೆ ಮಗುಚಿದರು. ಅಕ್ಷರ ಬರಬರುತ್ತ ಸೊಟ್ಟಗಾಗಿ, ಸಾಲು ಬಿಟ್ಟು ಇಳಿದಿತ್ತು.

"ಇವೆಲ್ಲ ಮಲಗಿದ್ದಲ್ಲೇ ಬರ್ದಿದ್ದು. ನಾನೇ ಪುಸ್ತಕ ಹಿಡ್ಕೊಂಡು ಕೂರ್ತಿದ್ದೆ."

ನೋಟ್‌ಬುಕ್ಕನ್ನು ಅವರು ನನಗೆ ಮರಳಿ ಕೊಡಲಿಲ್ಲ. ನಾನೂ ಕೇಳಲಿಲ್ಲ.