ಬಿಳೀ ಗುಳಿಗೆಯ ಡಬ್ಬಿ

ಸಿಂಧನೂರಿನ ನಮ್ಮ ಓಣಿಯಲ್ಲಿ ಪಾತ್ರೆಯನ್ನು ಖಾಲಿ ಹಿಂದಿರುಗಿಸುವವರಿಲ್ಲ. ಸಾರು ತಂದ ಬಟ್ಟಲಿಗೆ ಒಂದು ಹಿಡಿ ಸಕ್ಕರೆಯಾದರೂ ಬೀಳಬೇಕು. ಈ ಮರ್ಯಾದೆಯನ್ನು ಗುಳಿಗೆಗಳಿಗೂ ವಿಸ್ತರಿಸಿದ ಕೀರ್ತಿ ನನ್ನದು.

ನನ್ನ ಬಳಿ ಬಿಸ್ಕತ್ತಿನ ತಗಡಿನ ಡಬ್ಬಿಯಿತ್ತು. ಮನೆಯಲ್ಲಿ ಯಾರಿಗೇ ಜಡ್ಡಾಗಲಿ, ಉಳಿದ ಗುಳಿಗೆ ಅದರೊಳಗೆ. ಮಸ್ಕಿಯ ಮಾವನವು, ಲಿಂಗಸುಗೂರಿನ ನಾದಿನಿಯವು, ಎಲ್ಲ ಅಲ್ಲಿಗೇ. ಓಣಿಯವರು ಬೇಕಾದಾಗ ಡಬ್ಬಿಯನ್ನೇ ಒಯ್ಯುತ್ತಿದ್ದರು. ತಂದುಕೊಡುವಾಗ ತಮ್ಮಲ್ಲಿ ಉಳಿದ ಗುಳಿಗೆಯ ಹಾಳೆಯಿಂದ ನಾಲ್ಕನ್ನು ಕತ್ತರಿಯಿಂದ ಕತ್ತರಿಸಿ ಹಾಕಿರುತ್ತಿದ್ದರು. ಕತ್ತರಿಸಿದ ತುಂಡಿನಲ್ಲಿ ಔಷಧದ ಹೆಸರು ಉಳಿಯುತ್ತಿರಲಿಲ್ಲ. ಹೆಸರು ಯಾರಿಗೆ ಬೇಕು? ನೋವಿಗೆ ಬಿಳೀದು, ಅಷ್ಟೇ ನನ್ನ ವೈದ್ಯಶಾಸ್ತ್ರ. ಏಳನೇ ತರಗತಿಗೆ ಶಾಲೆ ಬಿಟ್ಟ ನನ್ನನ್ನು ಓಣಿಯವರು ಡಾಕ್ಟರಮ್ಮ ಅನ್ನುತ್ತಿದ್ದರು. ಅವರು ತಮಾಷೆಗೆ ಅನ್ನುತ್ತಿದ್ದರು, ನಾನು ನಿಜವೆಂದೇ ತಿಳಿದಿದ್ದೆ.

ಒಂದು ಭಾನುವಾರ ಎಂಟನೇ ತರಗತಿಯ ಮಗಳಿಗೆ ದವಡೆಹಲ್ಲು ನೋವು. "ಬಿಳೀ ಗುಳಿಗಿ ನುಂಗು ಬೇ. ಕಡಿಮಿ ಆಗಲಿಲ್ಲಂದ್ರ ಇನ್ನೊಂದು ತಗೋ" ಎಂದು ರೊಟ್ಟಿ ಬಡಿಯಲು ಕುಳಿತೆ. ಹೇಳಿದ ಮಾತು ಎಂದೂ ಕೇಳದ ಹುಡುಗಿ ಅಂದು ಕೇಳಿದಳು. ಒಂದಾದ ಮೇಲೊಂದು ನಾಲ್ಕು ನುಂಗಿದಳು. ಮಧ್ಯಾಹ್ನದ ಹೊತ್ತಿಗೆ ಗಾಢ ನಿದ್ದೆ.

"ಅಪ್ಪನಂಗ ಗೊರಕಿ ಹೊಡ್ಯಾಕತ್ತಾಳ ನೋಡ್ರಿ" ಎಂದು ಗಂಡನಿಗೆ ತೋರಿಸಿ ನಕ್ಕೆ. ಹಲ್ಲಿನ ಡಾಕ್ಟರ ಖರ್ಚು ಉಳಿಯಿತೆಂಬ ಹೆಮ್ಮೆ ಬೇರೆ.

ಪಕ್ಕದ ಮನೆಯ ಖಾಲಾ ಡಬ್ಬಿ ಕೇಳಲು ಬಂದರು. ಅವರ ಗಂಡನಿಗೆ ಸೊಂಟದ ಆಪರೇಷನ್ ಆಗಿತ್ತು.

"ಹೋದ ವಾರ ನಾ ಹಾಕಿದ್ದ ಬಿಳೀ ಗುಳಿಗಿ ಅದಾವೇನ್ ಬೇಟಿ? ಅವರಿಗೆ ಮತ್ತ ನೋವು ಎದ್ದದ."

"ಇಕಿ ನುಂಗ್ಯಾಳ ಖಾಲಾ. ಭಾಳ ಚಲೋ ಅದಾವ, ಹೆಂಗ ಮಲಗ್ಯಾಳ ನೋಡ್ರಿ."

ಖಾಲಾರ ಮುಖ ಬಿಳಿಚಿತು. "ಯಾ ಅಲ್ಲಾ! ಒಂದು ತಗೊಂಡ್ರ ಅವರೇ ಮಂಪರಿನ್ಯಾಗ ಬೀಳ್ತಾರ. ಎಬ್ಬಸು, ಲಗೂನ ಎಬ್ಬಸು!"

ಅವಳು ಏಳಲಿಲ್ಲ. ತುಟಿ ಕಪ್ಪಿಟ್ಟಿತ್ತು. ಅವಳ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾನು ಮನೆದೇವರ ಹೆಸರನ್ನು ಮೂರು ಸಲ ಹೇಳಿದೆ. ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ, ಡಬ್ಬಿ ಖಾಲಾರ ಕೈಯಲ್ಲಿ.

"ಏನ್ ಕೊಟ್ಟೀರಿ?" ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು.

"ಬಿಳೀದು ರೀ."

ಅವರು ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. "ಇದರಾಗ ಬಿಳೀದಲ್ಲದ್ದು ಯಾವುದು ತೋರಸ್ರಿ."

ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಖಾಲಾ ತಮ್ಮ ಮನೆಗೆ ಫೋನು ಮಾಡಿದರು. ಕತ್ತರಿಸಿದ ಹಾಳೆಯ ಹೆಸರಿದ್ದ ತುಂಡು ಅವರ ಮನೆಯಲ್ಲೇ ಉಳಿದಿತ್ತು. ಅವರ ಗಂಡ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಅಷ್ಟರಲ್ಲಿ ಡಾಕ್ಟರು ಮಗಳ ಕಣ್ಣಪಾಪೆ ಚುಕ್ಕೆಯಷ್ಟಾದದ್ದು ನೋಡಿ, ಔಷಧದ ಅಮಲು ಇಳಿಸುವ ಇಂಜೆಕ್ಷನ್ ಚುಚ್ಚಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. "ಅವ್ವಾ, ಹಲ್ಲು ನೋಯ್ತದ."

ನೋವಿನ ಮಾತು ಕೇಳಿ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಆ ರಾತ್ರಿ ಅವಳನ್ನು ಅಲ್ಲೇ ಇಟ್ಟುಕೊಂಡರು. ಒಬ್ಬರ ಗುಳಿಗೆ ಇನ್ನೊಬ್ಬರಿಗಲ್ಲ, ಮಕ್ಕಳಿಗಂತೂ ಅಲ್ಲವೇ ಅಲ್ಲ, ಬಳಸುತ್ತಿರುವುದನ್ನು ಬೀಗ ಹಾಕಿ ಇಡಿ, ಉಳಿದದ್ದನ್ನು ಆಸ್ಪತ್ರೆಗೆ ತಂದು ಒಪ್ಪಿಸಿ ಎಂದು ಡಾಕ್ಟರು ಬೈದು ಹೇಳಿದರು. ಡಾಕ್ಟರಮ್ಮನಾದ ನಾನು ತಲೆ ತಗ್ಗಿಸಿ ಕೇಳಿದೆ.

ಗುಳಿಗೆಗಳನ್ನೆಲ್ಲ ಆಸ್ಪತ್ರೆಗೆ ಒಪ್ಪಿಸಿದ ಖಾಲಾ ಮರುದಿನ ಡಬ್ಬಿ ತಂದರು, ತಪ್ಪು ಮಾಡಿದವರಂತೆ ಎರಡೂ ಕೈಯಲ್ಲಿ ಹಿಡಿದು.

"ಖಾಲಿ ತಂದೀನಿ ಬೇಟಿ, ತಪ್ಪು ತಿಳೀಬ್ಯಾಡ."

ನಾನು ಮುಚ್ಚಳ ತೆಗೆದು ಒಳಗೆ ಕೈಹಾಕಿ ನಾಲ್ಕೂ ಮೂಲೆ ತಡವಿದೆ. ಏನೂ ಇರಲಿಲ್ಲ. ಖಾಲಾರ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.